ಬಸ್ಸಿಳಿದ ಅವ್ವ ಎಲ್ಲಿ ಕೂರಬೇಕು?



ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ನಿಂತಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. 2025ರ ಜುಲೈ ಹೊತ್ತಿಗೆ ಆ ಯೋಜನೆಯಲ್ಲಿ ಹೆಣ್ಣುಮಕ್ಕಳು ಮಾಡಿದ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು. ಕೆಲವರಿಗೆ ಇದು ಖಜಾನೆಯ ಪ್ರಶ್ನೆ, ಕೆಲವರಿಗೆ ಸೀಟು ಸಿಗದ ಸಿಟ್ಟು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಷ್ಟು ಹೆಣ್ಣುಮಕ್ಕಳು ಬಸ್ಸು ಹತ್ತಿದರು. ಹತ್ತಿದವರು ಎಲ್ಲಾದರೂ ಇಳಿಯಲೇಬೇಕಲ್ಲ? ಅವರು ಇಳಿದ ಊರು ಅವರಿಗಾಗಿ ಏನು ಸಿದ್ಧಮಾಡಿಕೊಂಡಿದೆ?

ನಮ್ಮದು ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಈಗ ನಮ್ಮ ಓಣಿಯ ಅಕ್ಕನ ಬಳಗದ ಕೆಲಸದಲ್ಲಿ ಇದ್ದೇನೆ. ಊರೊಳಗೆ ಓಡಾಡುವಾಗ ಒಂದು ಸಂಗತಿಯನ್ನು ಬಹಳ ದಿನಗಳಿಂದ ಗಮನಿಸುತ್ತ ಬಂದಿದ್ದೇನೆ. ನಮ್ಮ ಊರಿನಲ್ಲಿ ಗಂಡಸು ಕೂರಲು ನೂರು ಜಾಗ. ಚಹಾದಂಗಡಿಯ ಬೆಂಚು, ಕ್ಷೌರದಂಗಡಿ, ಪಾನ್ ಅಂಗಡಿಯ ಮುಂದಿನ ಕಟ್ಟೆ, ಅರಳಿಕಟ್ಟೆ, ಮುಚ್ಚಿದ ಅಂಗಡಿಯ ಮೆಟ್ಟಿಲು, ನಿಲ್ಲಿಸಿದ ಮೋಟರ್ ಸೈಕಲ್ಲಿನ ಸೀಟು. ಅಲ್ಲಿ ಕೂತವನನ್ನು ಯಾರೂ “ಯಾಕೆ ಕೂತಿದ್ದೀ?” ಎಂದು ಕೇಳುವುದಿಲ್ಲ. ಹೆಣ್ಣುಮಗಳು ಕೆಲಸವಿಲ್ಲದೆ ಅರ್ಧ ತಾಸು ಕೂರಬಹುದಾದ ಜಾಗ ಯಾವುದು? ಗುಡಿ, ಮಠ, ದವಾಖಾನೆಯ ಪಡಸಾಲೆ. ಅಲ್ಲಿಗೆ ಮುಗಿಯಿತು. ದೇವರ ದರ್ಶನಕ್ಕೆ ಬಂದಿರಬೇಕು, ಇಲ್ಲವೇ ರೋಗಿಯ ಜೊತೆ ಬಂದಿರಬೇಕು. ಬೇರೆ ಎಲ್ಲಿ ನಿಂತರೂ ಅವಳು ಯಾರನ್ನೋ ಕಾಯುತ್ತಿರುವಂತೆ, ಎಲ್ಲಿಗೋ ಅವಸರದಲ್ಲಿ ಹೊರಟಿರುವಂತೆ ಕಾಣಿಸಿಕೊಳ್ಳಬೇಕು. ಊರು ನಮ್ಮದೇ ಆದರೂ ಅದರ ಬೀದಿಯಲ್ಲಿ ನಮಗೆ ಹಾದುಹೋಗುವ ಅನುಮತಿ ಮಾತ್ರ ಇದೆ.

ಇದನ್ನು ಬರೀ ಸಂಕೋಚದ ಮಾತು ಎಂದು ತಳ್ಳಿಹಾಕುವಂತಿಲ್ಲ. ಕೂರುವ ಜಾಗ ಇಲ್ಲವೆಂದರೆ ಬಾಣಂತಿ ಮಗುವಿಗೆ ಹಾಲು ಕುಡಿಸುವುದು ಎಲ್ಲಿ? ಮೊಣಕಾಲು ನೋವಿನ ಅಜ್ಜಿ ಮುಂದಿನ ಬಸ್ಸು ಬರುವವರೆಗೆ ನಿಲ್ಲುವುದು ಹೇಗೆ? ಕಾಲೇಜು ಬಿಟ್ಟ ಹುಡುಗಿ ಗೆಳತಿಯ ಜೊತೆ ನಾಲ್ಕು ಮಾತು ಆಡುವುದು ಎಲ್ಲಿ? ತಾಲ್ಲೂಕು ಕಚೇರಿಯಲ್ಲಿ “ಊಟದ ನಂತರ ಬರ್ರಿ” ಎಂದು ಹೇಳಿಸಿಕೊಂಡ ಹಳ್ಳಿಯ ಹೆಣ್ಣುಮಗಳು ಆ ಎರಡು ತಾಸು ಎಲ್ಲಿ ಕಳೆಯಬೇಕು? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಊರನ್ನು ನಾವು ಅಭಿವೃದ್ಧಿಯಾದ ಊರು ಎಂದು ಕರೆಯುತ್ತಿದ್ದೇವೆ.

ಕೂರುವುದಕ್ಕಿಂತ ಕಠಿಣವಾದದ್ದು ಶೌಚಾಲಯದ ವಿಷಯ. ನಾಚಿಕೆ ಬಿಟ್ಟು ಮಾತಾಡಲೇಬೇಕು. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಒಬ್ಬ ತಾಯಿಗೆ ನೀರಿನ ಬಾಟಲಿ ಕೊಡಹೋದರೆ ಆಕೆ ಕೈ ಅಡ್ಡ ಹಿಡಿದು ಹೇಳಿದಳು: “ಬ್ಯಾಡ್ರಿ ಟೀಚರ್, ಮಗಳ ಮನಿ ಮುಟ್ಟೂತನಕ ನೀರು ಕುಡಿಯಾಂಗಿಲ್ಲ.” ಏಪ್ರಿಲ್ ತಿಂಗಳ ಬಿಸಿಲು, ಮಗಳ ಮನೆ ಐದು ತಾಸಿನ ದಾರಿ. ಈ ಮಾತನ್ನು ಓದುವ ಯಾವ ಹೆಣ್ಣುಮಗಳಿಗೂ ವಿವರಣೆ ಬೇಕಾಗಿಲ್ಲ. ಶಿಕ್ಷಕಿಯರು, ನರ್ಸುಗಳು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು, ಪೌರಕಾರ್ಮಿಕರು, ಎಲ್ಲರೂ ಕಲಿತ ವಿದ್ಯೆ ಇದು: ಮನೆ ಬಿಡುವ ಮುಂಚೆ ನೀರು ಕುಡಿಯದಿರುವುದು. ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡು ದಿನ ಕಳೆದರೆ ಮೂತ್ರನಾಳದ ಸೋಂಕು ಬರುತ್ತದೆ ಎಂದು ವೈದ್ಯರು ಹೇಳುತ್ತಲೇ ಇದ್ದಾರೆ. ನಗರಸಭೆಯ ಬಜೆಟ್ಟಿನಲ್ಲಿ ಉಳಿಸಿದ ಹಣವನ್ನು ನಮ್ಮ ಹೆಣ್ಣುಮಕ್ಕಳು ತಮ್ಮ ದೇಹದಿಂದ ತುಂಬಿಕೊಡುತ್ತಿದ್ದಾರೆ.

ನಿಯಮಗಳು ಇಲ್ಲದೆ ಇಲ್ಲ. ಸ್ವಚ್ಛ ಭಾರತ ಮಿಷನ್ನಿನ ನಗರ ಮಾರ್ಗಸೂಚಿಯ ಪ್ರಕಾರ ಸಮುದಾಯ ಶೌಚಾಲಯದಲ್ಲಿ 35 ಗಂಡಸರಿಗೆ ಒಂದು, 25 ಹೆಂಗಸರಿಗೆ ಒಂದು ಶೌಚಗುಂಡಿ ಬೇಕು. ಹೆಂಗಸರಿಗೆ ಹೆಚ್ಚು ಬೇಕು ಎಂಬುದನ್ನು ಸರ್ಕಾರವೇ ಒಪ್ಪಿದೆ ಎಂದಾಯಿತು. ಕಾರಣ ಸರಳ. ಸೀರೆ, ಚೂಡಿದಾರ, ಕಂಕುಳಲ್ಲಿ ಮಗು, ತಿಂಗಳ ಮುಟ್ಟು, ಬಸುರಿನ ದಿನಗಳು, ವಯಸ್ಸಾದ ಅತ್ತೆಯ ಕೈ ಹಿಡಿದು ಕರೆದೊಯ್ಯುವುದು. ಇವೆಲ್ಲವಕ್ಕೂ ಹೊತ್ತು ಹೆಚ್ಚು ಬೇಕು. ಆದರೆ ಕಟ್ಟುವಾಗ ಏನಾಗುತ್ತದೆ? ಕಟ್ಟಡದ ನಡುವೆ ಒಂದು ಗೋಡೆ ಎಬ್ಬಿಸಿ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು ಎಂದು ಸಮನಾಗಿ ಹಂಚುತ್ತಾರೆ. ನೋಡಲು ಸಮಾನತೆ. ಗಂಡಸರ ಕಡೆ ಗೋಡೆಗೆ ಸಾಲಾಗಿ ಮೂತ್ರಿಗಳನ್ನು ಕೂರಿಸುತ್ತಾರೆ. ಅಷ್ಟೇ ಜಾಗದಲ್ಲಿ ಒಂದೇ ಹೊತ್ತಿಗೆ ಎರಡು ಪಟ್ಟು ಜನಕ್ಕೆ ಅನುಕೂಲ. ಹೆಂಗಸರ ಕಡೆ ಬಾಗಿಲ ಹೊರಗೆ ಸಾಲು ಬೆಳೆಯುತ್ತದೆ. ಸಾಲು ನೋಡಿದವರು “ಹೆಂಗಸರದ್ದು ಯಾವಾಗಲೂ ತಡ” ಎಂದು ನಗುತ್ತಾರೆ.

ಮುಂಬೈಯಲ್ಲಿ 2011ರಲ್ಲಿ ಹೆಣ್ಣುಮಕ್ಕಳು ಇದೇ ವಿಷಯಕ್ಕೆ ಒಂದು ಚಳವಳಿ ಶುರುಮಾಡಿದರು. ಗಂಡಸರು ಮೂತ್ರಕ್ಕೆ ಹೋದರೆ ಪುಕ್ಕಟೆ, ಹೆಂಗಸರು ಹೋದರೆ ದುಡ್ಡು ಎಂಬುದು ಅವರ ಮೊದಲ ಆಕ್ಷೇಪವಾಗಿತ್ತು. ನಮ್ಮ ಊರುಗಳಲ್ಲೂ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತವನು ಹೆಣ್ಣುಮಗಳ ಕೈಯಿಂದ ಐದು ರೂಪಾಯಿ ತೆಗೆದುಕೊಳ್ಳುವುದನ್ನು ನೀವು ನೋಡಿರಬಹುದು. ಬಸ್ಸಿಗೆ ಟಿಕೆಟ್ಟಿಲ್ಲ, ಇಳಿದ ಮೇಲೆ ದೇಹದ ಬಾಧೆಗೆ ಟಿಕೆಟ್ಟು!

ನಮ್ಮ ಬಳಗದ ಆರೇಳು ಜನ ಒಂದು ಸಂಜೆ ಬಸ್ ನಿಲ್ದಾಣದಿಂದ ಮಾರುಕಟ್ಟೆಯವರೆಗೆ ನಡೆದುಕೊಂಡು ಹೋದೆವು. ನಮ್ಮ ಜೊತೆ ಒಬ್ಬ ಬಸುರಿ, ಕೋಲು ಹಿಡಿದ ಒಬ್ಬ ಅಜ್ಜಿ, ಕಂಕುಳಲ್ಲಿ ಕೂಸಿದ್ದ ಒಬ್ಬ ತಾಯಿ ಇದ್ದರು. ಹಾಳೆ, ಪೆನ್ನು ಹಿಡಿದು ಎಲ್ಲಿ ನಿಲ್ಲಬೇಕಾಯಿತು, ಎಲ್ಲಿ ರಸ್ತೆಗೆ ಇಳಿಯಬೇಕಾಯಿತು ಎಂದು ಬರೆದುಕೊಂಡೆವು. ಅಜ್ಜಿ ಫುಟ್‌ಪಾತನ್ನು ಹತ್ತಲೇ ಇಲ್ಲ. ಚರಂಡಿಯ ಮೇಲೆ ಕಲ್ಲು ಹಾಸಿ ಮಾಡಿದ ಫುಟ್‌ಪಾತು ಆಕೆಯ ಮೊಣಕಾಲಿನ ಎತ್ತರಕ್ಕಿತ್ತು. ಹತ್ತಿದವರೂ ಪ್ರತಿ ಅಂಗಡಿಯ ಮುಂದೆ ಇಳಿದು ಮತ್ತೆ ಹತ್ತಬೇಕಿತ್ತು. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಒಂದು ಕಡೆ ನಿಲ್ಲಿಸಿದ ಬೈಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರತಂದ ಪಾದಚಾರಿ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್, ಅಂದರೆ ಆರು ಅಡಿ, ಅಡೆತಡೆಯಿಲ್ಲದ ಅಗಲ ಇರಬೇಕು; ರಸ್ತೆಯಿಂದ ಅದರ ಎತ್ತರ 150 ಮಿಲಿಮೀಟರ್, ಅಂದರೆ ಅರ್ಧ ಅಡಿ, ಮೀರಬಾರದು. ಅರ್ಧ ಅಡಿ ಎಂಬುದು ಸೀರೆ ಉಟ್ಟವಳು ನಿರಿಗೆ ಎತ್ತಿ ಹಿಡಿಯದೆ ಹತ್ತಬಹುದಾದ ಎತ್ತರ. ಈ ನಿಯಮ ಎಂಜಿನಿಯರರಿಗೆ ಗೊತ್ತಿಲ್ಲವೆಂದಲ್ಲ. ಪಾಲಿಸದಿದ್ದರೆ ಕೇಳುವವರಿಲ್ಲ.

ಫುಟ್‌ಪಾತು ಎಲ್ಲರದ್ದಲ್ಲವೇ, ಇದರಲ್ಲಿ ಹೆಣ್ಣು ಗಂಡು ಎಲ್ಲಿಂದ ಬಂತು ಎಂದು ಕೆಲವರು ಕೇಳಬಹುದು. 2011ರ ಜನಗಣತಿ ಜನರು ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂಬುದನ್ನೂ ಕೇಳಿತ್ತು. ಆಗ ದೇಶದ ನಗರಗಳಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ ಸುಮಾರು 45 ಜನ ನಡೆದುಕೊಂಡೇ ಹೋಗುತ್ತಿದ್ದರು. ಗಂಡಸರಲ್ಲಿ ಹಾಗೆ ಹೋಗುವವರು ಸುಮಾರು 27. ಮನೆಯಲ್ಲಿ ಒಂದೇ ಬೈಕು ಇದ್ದರೆ ಅದರ ಕೀಲಿ ಯಾರ ಜೇಬಿನಲ್ಲಿ ಇರುತ್ತದೆ ಎಂಬುದು ನಮಗೆಲ್ಲ ಗೊತ್ತಿದೆ. ಹಾಗಾಗಿ ರಸ್ತೆ ಅಗಲ ಮಾಡಲು ಫುಟ್‌ಪಾತನ್ನು ಕಡಿದಾಗ ಆ ಹಣ ಒಬ್ಬರ ಅನುಕೂಲದಿಂದ ಇನ್ನೊಬ್ಬರ ಅನುಕೂಲಕ್ಕೆ ವರ್ಗವಾಗುತ್ತದೆ. ಗಂಡಸು ಬೆಳಿಗ್ಗೆ ಮನೆಯಿಂದ ಕೆಲಸಕ್ಕೆ, ಸಂಜೆ ಕೆಲಸದಿಂದ ಮನೆಗೆ ನೇರ ಹೋಗುತ್ತಾನೆ. ಹೆಣ್ಣುಮಗಳು ಕೂಸನ್ನು ಅಂಗನವಾಡಿಗೆ ಬಿಟ್ಟು, ರೇಷನ್ ಅಂಗಡಿಗೆ ಹೋಗಿ, ಮಾವನ ಗುಳಿಗೆ ತೆಗೆದುಕೊಂಡು, ಕಾಯಿಪಲ್ಲೆ ಕೊಂಡು ಮನೆಗೆ ಬರುತ್ತಾಳೆ. ಒಂದೇ ಓಡಾಟದಲ್ಲಿ ನಾಲ್ಕು ಕೆಲಸ, ಕೈಯಲ್ಲಿ ಎರಡು ಚೀಲ. ಬಸ್ಸಿನ ಮಾರ್ಗ, ರಸ್ತೆ ದಾಟುವ ಜಾಗ, ತಂಗುದಾಣ ಎಲ್ಲವನ್ನೂ ಮೊದಲನೆಯವನ ದಿನಚರಿ ನೋಡಿ ಮಾಡಿದ್ದಾರೆ.

ಹೆಣ್ಣಿನ ಪ್ರಶ್ನೆ ಎಂದಾಗ ಆಳುವವರಿಗೆ ಕೂಡಲೇ ನೆನಪಾಗುವುದು ರಕ್ಷಣೆ. 2012ರ ದೆಹಲಿಯ ಆ ಘಟನೆಯ ನಂತರ 2013ರಲ್ಲಿ ಕೇಂದ್ರ ಸರ್ಕಾರ 1000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಸ್ಥಾಪಿಸಿತು. ಅದರ ಸುರಕ್ಷಿತ ನಗರ ಯೋಜನೆಗೆ ಆರಿಸಿದ ಎಂಟು ನಗರಗಳಲ್ಲಿ ಬೆಂಗಳೂರು ಒಂದು. ಅಲ್ಲಿ ಸಾವಿರಾರು ಕ್ಯಾಮೆರಾಗಳನ್ನು ಹಾಕಿದರು. ಕ್ಯಾಮೆರಾ ಬೇಡ ಎಂದು ನಾನು ಹೇಳುವುದಿಲ್ಲ. ಅಪರಾಧ ನಡೆದ ಮೇಲೆ ಹಿಡಿಯಲು ಅದು ಬೇಕು. ಆದರೆ ಕತ್ತಲಾದ ಮೇಲೆ ಬಸ್ಸಿಳಿದ ಹುಡುಗಿಗೆ ಧೈರ್ಯ ಕೊಡುವುದು ಕಂಬದ ಮೇಲಿನ ಕ್ಯಾಮೆರಾ ಅಲ್ಲ, ಮೂಲೆಯಲ್ಲಿ ಮೆಕ್ಕೆತೆನೆ ಸುಡುತ್ತ ಕೂತ ಅವ್ವ. ಆಕೆ ನೋಡುತ್ತಾಳೆ, ಗದರಿಸುತ್ತಾಳೆ, “ಇಲ್ಲಿ ಬಾ ತಂಗಿ, ನನ್ನ ಹತ್ರ ನಿಲ್ಲು” ಎನ್ನುತ್ತಾಳೆ. ನಗರ ಸುಂದರವಾಗಬೇಕೆಂದು ಮೊದಲು ಎಬ್ಬಿಸಿ ಓಡಿಸುವುದು ಆ ಅವ್ವನನ್ನೇ. ಆಕೆಯ ಬುಟ್ಟಿಯ ಜೊತೆ ಆ ಮೂಲೆಯ ದೀಪ, ಮಾತು, ಮನುಷ್ಯರ ಸುಳಿವು ಎಲ್ಲ ಹೋಗುತ್ತವೆ. ಆಮೇಲೆ ಆ ಖಾಲಿ ಮೂಲೆಗೆ ಒಂದು ಕ್ಯಾಮೆರಾ ಬರುತ್ತದೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೀಗೆ ಎಬ್ಬಿಸುವುದಕ್ಕೆ ತಡೆ ಹಾಕಿದೆ. ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು ಎನ್ನುತ್ತದೆ. ನಿಮ್ಮ ಊರಿನಲ್ಲಿ ಆ ಸಮಿತಿ ಕೊನೆಯ ಸಲ ಯಾವಾಗ ಸೇರಿತು ಎಂದು ನಗರಸಭೆಯಲ್ಲಿ ಕೇಳಿ ನೋಡಿ. ಬೀದಿ ದೀಪದ್ದೂ ಇದೇ ಕತೆ. ರಸ್ತೆಯ ನಡುವಿನ ಎತ್ತರದ ಕಂಬದಲ್ಲಿ ಬೆಳಗುವ ದೀಪ ಕಾರುಗಳಿಗೆ ದಾರಿ ತೋರಿಸುತ್ತದೆ. ಮರದ ಕೆಳಗಿನ ಫುಟ್‌ಪಾತಿನಲ್ಲಿ ಕತ್ತಲು ಹಾಗೇ ಇರುತ್ತದೆ. ನಡೆಯುವವರ ಎತ್ತರಕ್ಕೆ, ನಡೆಯುವ ಜಾಗದ ಮೇಲೆ ಬೀಳುವಂತೆ ಸಣ್ಣ ದೀಪ ಹಾಕಲು ಬಹಳ ಖರ್ಚೇನೂ ಆಗುವುದಿಲ್ಲ. ಆ ಕತ್ತಲಲ್ಲಿ ನಡೆದವರು ಯೋಜನೆ ಮಾಡುವವರ ನಡುವೆ ಇರಬೇಕು, ಅಷ್ಟೇ.

ಇದೆಲ್ಲ ಆಗುವ ಮಾತೇ ಎಂಬ ಅನುಮಾನ ಇರುವವರಿಗೆ ಒಂದು ನಿದರ್ಶನ ಕೊಡುತ್ತೇನೆ. ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ಉದ್ಯಾನಗಳಿಗೆ ಬರುವ ಮಕ್ಕಳನ್ನು ಗಮನಿಸಿದರು. ಒಂಬತ್ತು ಹತ್ತು ವರ್ಷ ದಾಟಿದ ಕೂಡಲೇ ಹುಡುಗಿಯರು ಉದ್ಯಾನಕ್ಕೆ ಬರುವುದು ಕಡಿಮೆಯಾಗುತ್ತಿತ್ತು. ನಡುವೆ ಇದ್ದದ್ದು ಒಂದೇ ದೊಡ್ಡ ಬಯಲು. ಅದನ್ನು ಹುಡುಗರು ಚೆಂಡಾಟಕ್ಕೆ ಹಿಡಿದುಕೊಳ್ಳುತ್ತಿದ್ದರು. ಜಗಳವಾಡಿ ಜಾಗ ಪಡೆಯುವುದಕ್ಕಿಂತ ಹುಡುಗಿಯರು ಮನೆಗೆ ಹೋಗುತ್ತಿದ್ದರು. ಆಗ ನಗರಾಡಳಿತ ಎರಡು ಉದ್ಯಾನಗಳನ್ನು ಆರಿಸಿಕೊಂಡು ಬಯಲನ್ನು ಸಣ್ಣ ಸಣ್ಣ ಭಾಗ ಮಾಡಿತು, ಕಾಲುದಾರಿಗಳನ್ನು ಹೆಚ್ಚಿಸಿತು, ವಾಲಿಬಾಲ್, ಬ್ಯಾಡ್ಮಿಂಟನ್ ಆಡಲು ಜಾಗ ಮಾಡಿತು. ಹುಡುಗಿಯರು ಮರಳಿ ಬಂದರು. ಯಾರೂ ಹುಡುಗರನ್ನು ಹೊರಹಾಕಲಿಲ್ಲ, ಕಾವಲುಗಾರನನ್ನು ಇಡಲಿಲ್ಲ, ಗೋಡೆಗೆ ಗುಲಾಬಿ ಬಣ್ಣ ಬಳಿಯಲಿಲ್ಲ. ನೆಲದ ನಕಾಶೆ ಬದಲಾಯಿತು. ನಮ್ಮ ಹುಡುಗಿಯರು ಮೈನೆರೆದ ಮೇಲೆ ಆಟದ ಮೈದಾನ ಬಿಡುವುದನ್ನು ನಾವು ಸಂಪ್ರದಾಯ ಎಂದುಕೊಂಡಿದ್ದೇವೆ. ಅದರಲ್ಲಿ ಮೈದಾನದ ಪಾಲು ಎಷ್ಟು ಎಂದು ಕೇಳಿಕೊಂಡಿದ್ದೇವೆಯೇ?

ಸಂವಿಧಾನದ 74ನೇ ತಿದ್ದುಪಡಿ 1992ರಲ್ಲೇ ನಗರಸಭೆಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಹೆಂಗಸರಿಗೆ ಎಂದಿತು. ಸದಸ್ಯೆಯರು ಬಂದಿದ್ದಾರೆ, ಚೆನ್ನಾಗಿ ಕೆಲಸ ಮಾಡುವವರೂ ಇದ್ದಾರೆ. ಆದರೆ ರಸ್ತೆಯ ಅಂದಾಜುಪಟ್ಟಿ ಅವರ ಮುಂದೆ ಬರುವ ಹೊತ್ತಿಗೆ ಎಲ್ಲ ನಿರ್ಧಾರವಾಗಿರುತ್ತದೆ. ಕೈ ಎತ್ತುವುದೊಂದೇ ಬಾಕಿ. ಆದ್ದರಿಂದ ನನ್ನ ಬೇಡಿಕೆ ಒಂದೇ. ಯಾವ ರಸ್ತೆ, ಯಾವ ನಿಲ್ದಾಣ, ಯಾವ ಉದ್ಯಾನ ಮಾಡುವುದಿದ್ದರೂ ಅಂದಾಜುಪಟ್ಟಿ ಬರೆಯುವ ಮುಂಚೆ ಎಂಜಿನಿಯರರು ಆ ಓಣಿಯ ಹತ್ತು ಹೆಣ್ಣುಮಕ್ಕಳ ಜೊತೆ ಆ ಜಾಗದಲ್ಲಿ ಎರಡು ಸಲ ನಡೆಯಬೇಕು: ಒಮ್ಮೆ ಹಗಲು, ಒಮ್ಮೆ ರಾತ್ರಿ ಎಂಟರ ನಂತರ. ಹತ್ತು ಜನರಲ್ಲಿ ಒಬ್ಬ ಅಜ್ಜಿ, ಒಬ್ಬ ಬಸುರಿ, ಒಬ್ಬ ಪೌರಕಾರ್ಮಿಕ ತಾಯಿ, ಒಬ್ಬ ಕಾಲೇಜು ಹುಡುಗಿ ಇರಲಿ. ಅವರು ಹೇಳಿದ್ದನ್ನು ಬರೆದು ಕಡತಕ್ಕೆ ಸೇರಿಸಲಿ. ಈ ಕೆಲಸಕ್ಕೆ ಹೊಸ ಕಾನೂನು ಬೇಡ. ನಾವು ಹೋಗಿ ಕೂತು ಕೇಳಿದರೆ ಸಾಕು.

ಇನ್ನು ನಮ್ಮ ಮನೆಯ ಮಾತು. ಅನುಭವ ಮಂಟಪದಲ್ಲಿ ಹೆಣ್ಣಿಗೆ ಸರಿಸಮನಾದ ಸ್ಥಾನವಿತ್ತು ಎಂದು ನಾವು ಪ್ರತಿ ವೇದಿಕೆಯಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಆ ಶರಣೆಯರು ಮನೆಯೊಳಗೆ ಕೂತವರಲ್ಲ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದವಳು. ಸತ್ಯಕ್ಕನದ್ದು ಅಂಗಳ ಗುಡಿಸುವ ಕಾಯಕ. ಸ್ಥಾನ ಎಂಬ ಮಾತಿಗೆ ನಾವು ಗೌರವ ಎಂದಷ್ಟೇ ಅರ್ಥ ಮಾಡಿಕೊಂಡೆವು. ಕೂರುವ ಜಾಗ ಎಂಬ ಅರ್ಥವೂ ಅದಕ್ಕಿದೆ. ಭಾಷಣದಲ್ಲಿ ಕೊಟ್ಟ ಸ್ಥಾನವನ್ನು ಬಸ್ ನಿಲ್ದಾಣದಲ್ಲಿ ಕಸಿದುಕೊಂಡರೆ ಅದೆಂಥ ಸಮಾನತೆ?

ಊರಿನಲ್ಲಿ ಹೆಣ್ಣುಮಗಳು ಕಾರಣ ಹೇಳದೆ ಕೂರಬಹುದಾದ ಕೆಲವೇ ಜಾಗಗಳಲ್ಲಿ ಮಠದ ಅಂಗಳ ಒಂದು ಎಂದೆ. ಅದು ನಮ್ಮ ಮಠಗಳ ದೊಡ್ಡ ಆಸ್ತಿ. ಈ ಆಸ್ತಿಯನ್ನು ಇನ್ನಷ್ಟು ಬೆಳೆಸಬಹುದು. ನಮ್ಮ ಬಹಳ ಮಠಗಳ ಕಲ್ಯಾಣ ಮಂಟಪ, ಸಮುದಾಯ ಭವನಗಳು ಮುಖ್ಯ ರಸ್ತೆಯಲ್ಲೇ ಇವೆ. ಮದುವೆಯ ದಿನ ಬಿಟ್ಟರೆ ಅವುಗಳ ಬಾಗಿಲಿಗೆ ಬೀಗ. ರಸ್ತೆಯ ಕಡೆಯ ಎರಡು ಶೌಚಾಲಯ, ಒಂದು ನೀರಿನ ನಲ್ಲಿ, ನೆರಳಿನ ಕೆಳಗೆ ನಾಲ್ಕು ಕಲ್ಲು ಬೆಂಚು, ಇಷ್ಟನ್ನು ದಿನವಿಡೀ ದಾರಿಹೋಕ ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟರೆ ಅದೂ ದಾಸೋಹವೇ. ಬಂದವಳ ಜಾತಿ, ಧರ್ಮ ಕೇಳಬೇಕಾಗಿಲ್ಲ. ಅನ್ನ ಬಡಿಸುವಾಗ ಕೇಳುತ್ತೇವೆಯೇ?

ಜಾತ್ರೆಯ ಲೆಕ್ಕವನ್ನೂ ನೋಡೋಣ. ಪೆಂಡಾಲಿಗೆ, ದೀಪಾಲಂಕಾರಕ್ಕೆ, ಧ್ವನಿವರ್ಧಕಕ್ಕೆ ಭಕ್ತರು ಕೈಬಿಚ್ಚಿ ಕೊಡುತ್ತಾರೆ. ರೊಟ್ಟಿ ಬಡಿಯಲು, ಪ್ರಸಾದ ಬಡಿಸಲು ನೂರಾರು ತಾಯಂದಿರು ಸೂರ್ಯ ಹುಟ್ಟುವ ಮುಂಚೆ ಬರುತ್ತಾರೆ. ಅವರು ಬಹಿರ್ದೆಸೆಗೆ ಎಲ್ಲಿಗೆ ಹೋಗುತ್ತಾರೆ ಎಂದು ಜಾತ್ರಾ ಸಮಿತಿಯ ಸಭೆಯಲ್ಲಿ ಯಾರಾದರೂ ಕೇಳಿದ್ದುಂಟೇ? ಸಮಿತಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದ್ದಾರೆ ಎಂದು ನೋಡಿದರೆ ಆ ಪ್ರಶ್ನೆ ಯಾಕೆ ಬರಲಿಲ್ಲವೆಂದು ಗೊತ್ತಾಗುತ್ತದೆ.

ಎರಡು ಆಕ್ಷೇಪಗಳು ಬರುತ್ತವೆ ಎಂದು ನನಗೆ ಗೊತ್ತಿದೆ. ಮೊದಲನೆಯದು, “ಎಲ್ಲರಿಗೂ ತೆರೆದರೆ ಹೊಲಸಾಗುತ್ತದೆ.” ನಿಜ, ನೋಡಿಕೊಳ್ಳುವವರು ಇಲ್ಲದಿದ್ದರೆ ಯಾವುದೂ ಹೊಲಸಾಗುತ್ತದೆ. ಅದಕ್ಕೆ ಒಬ್ಬ ಹೆಣ್ಣುಮಗಳನ್ನು ಸರಿಯಾದ ಸಂಬಳ ಕೊಟ್ಟು ನೇಮಿಸಬೇಕು. ಒಳಗೆ ಚೀಲ ತೂಗುಹಾಕಲು ಒಂದು ಮೊಳೆ, ಪ್ಯಾಡ್ ಹಾಕಲು ಮುಚ್ಚಳವಿರುವ ಡಬ್ಬಿ, ಒಳಚಿಲಕ, ದೀಪ, ನೀರು ಇರಬೇಕು. ದೀಪಾಲಂಕಾರದ ಖರ್ಚಿನ ಮುಂದೆ ಇದು ಭಾರವಲ್ಲ. ಎರಡನೆಯದು, “ನಮ್ಮ ಹೆಣ್ಣುಮಕ್ಕಳು ಹೊರಗೆ ಕೂರುವವರಲ್ಲ.” ಕೂರಲು ಜಾಗವನ್ನೇ ಮಾಡದೆ ಅವರು ಕೂರುವವರಲ್ಲ ಎಂದು ತೀರ್ಪು ಕೊಡುವುದು ಯಾವ ನ್ಯಾಯ? ಬಸ್ಸಿನ ವಿಷಯದಲ್ಲೂ ಹೀಗೇ ಹೇಳುತ್ತಿದ್ದರು. ಚಾರ್ಜಿನ ಅಡ್ಡಿ ತೆಗೆದ ಕೂಡಲೇ ನಮ್ಮ ತಾಯಂದಿರು ತವರಿಗೆ, ದವಾಖಾನೆಗೆ, ಕೆಲಸಕ್ಕೆ, ಕೂಡಲಸಂಗಮಕ್ಕೆ ಹೊರಟರು. ಹೊರಡುವ ಆಸೆ ಮೊದಲಿನಿಂದಲೂ ಇತ್ತು.

ಈ ಪತ್ರಿಕೆ ಓದುವ ಪ್ರತಿ ಬಳಗಕ್ಕೂ ನನ್ನ ಬಿನ್ನಹ ಇಷ್ಟು. ಬರುವ ತಿಂಗಳು ಒಂದು ಸಂಜೆ ನಿಮ್ಮ ಊರಿನ ಬಸ್ ನಿಲ್ದಾಣದಿಂದ ಮಠದವರೆಗೆ ಹೆಣ್ಣುಮಕ್ಕಳನ್ನು ಮುಂದೆ ಮಾಡಿ ನಡೆಯಿರಿ. ಕಂಡದ್ದನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ನಗರಸಭೆಯ ಆಯುಕ್ತರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದನ್ನು ನಿಮ್ಮ ಮಠದ ಪೂಜ್ಯರ ಮುಂದೆ ಇಡಿರಿ. ಎರಡೂ ಕಡೆಯಿಂದ ಏನು ಉತ್ತರ ಬಂತು ಎಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಿರಿ. ಯಾವ ಊರಿನಲ್ಲಿ ಮೊದಲ ಬೀಗ ತೆರೆಯಿತು ಎಂದು ಓದಲು ನಾನು ಕಾಯುತ್ತಿರುತ್ತೇನೆ.